ಹೊಗೆ ವಾಸನೆಯ ಚಹಾ: ಕೆಟ್ಟಿದೆಯಾ, ಇಲ್ಲಾ ಕುಡಿಯೋ ರೀತಿಯೇ ಬೇರೆಯಾ?

ಪ್ರಶ್ನೆ: ಚೀನಾಕ್ಕೆ ಹೋಗಿಬಂದ ಗೆಳತಿ ಒಂದು ಡಬ್ಬಿ ‘ಲ್ಯಾಪ್ಸಾಂಗ್ ಸೂಚಾಂಗ್’ ಚಹಾ ತಂದುಕೊಟ್ಟಳು. ಮುಚ್ಚಳ ತೆಗೆದರೆ ಟಾರು ಕಾಯಿಸಿದ ಹಾಗೆ ವಾಸನೆ. ಎರಡು ದೊಡ್ಡ ಚಮಚ ಹಾಕಿ ಚೆನ್ನಾಗಿ ಕುದಿಸಿದೆ. ಬೂದಿ ಕಲಸಿದ ನೀರಿನ ಹಾಗಿತ್ತು, ಅದರ ಮೇಲೆ ಔಷಧಿಯ ಘಾಟು ಬೇರೆ. ಹಾಲು ಹಾಕಿ ನೋಡಿದೆ, ಇನ್ನೂ ಕೆಟ್ಟಿತು. ಈ ಚಹಾ ಹಾಳಾಗಿದೆಯಾ? ಜನ ಇದನ್ನು ಇಷ್ಟಪಟ್ಟು ಕುಡಿಯುತ್ತಾರಂತೆ, ಅವರಿಗೆ ಇದರಲ್ಲಿ ಸಿಗುವುದಾದರೂ ಏನು? ಹೊಗೆ ಹಿಡಿದದ್ದನ್ನು ಕುಡಿದರೆ ಆರೋಗ್ಯಕ್ಕೆ ತೊಂದರೆ ಇಲ್ವಾ?

ಉತ್ತರ: ನಿಮ್ಮ ಚಹಾ ಹಾಳಾಗಿಲ್ಲ. ಆ ವಾಸನೆ ಅದರ ಹುಟ್ಟುಗುಣ. ಆದರೆ ನೀವು ಅದನ್ನು ಕುದಿಸಿದ್ದೀರಿ, ಅದೂ ಎರಡು ದೊಡ್ಡ ಚಮಚ ಹಾಕಿ. ಹೊಗೆಯ ಚಹಾಕ್ಕೆ ಅಷ್ಟು ಮಾಡಿದರೆ ಯಾರು ಕುಡಿದರೂ ಬೂದಿ ನೀರು ಅಂತಲೇ ಹೇಳುತ್ತಾರೆ. ನಾನೂ ಮೊದಲ ಸಲ ಹೇಳಿದ್ದು ಅದನ್ನೇ. ಒಂದು ಗುಟುಕು ಕುಡಿದು ಲೋಟ ದೂರ ತಳ್ಳಿದ್ದೆ. ಬೇರೆ ಕೆಲಸ ಮುಗಿಸಿ ಹದಿನೈದು ನಿಮಿಷ ಬಿಟ್ಟು ಬಂದು, ಚೆಲ್ಲುವ ಮೊದಲು ಸುಮ್ನೆ ಇನ್ನೊಂದು ಗುಟುಕು ಕುಡಿದೆ. ಆಗ ಅದು ಬೇರೆಯೇ ಪಾನೀಯ ಆಗಿತ್ತು. ಹೊಗೆ ಹಿಂದೆ ಸರಿದಿತ್ತು, ಮುಂದೆ ಒಣಹಣ್ಣಿನ ಸಿಹಿ ಬಂದು ನಿಂತಿತ್ತು. ಈ ಚಹಾದ ಬಗ್ಗೆ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ತಣ್ಣಗಾದ ಲೋಟದಿಂದಲೇ.

ಮೊದಲು ಹೊಗೆ ಎಲ್ಲಿಂದ ಬಂತು ಅಂತ ನೋಡೋಣ. ಅದು ಗೊತ್ತಾದರೆ ರುಚಿ ಅರ್ಥವಾಗುವುದು ಸುಲಭ.

ಚೀನಾದ ಫೂಜಿಯಾನ್ ಪ್ರಾಂತ್ಯದಲ್ಲಿ ವುಯಿ ಬೆಟ್ಟಸಾಲು ಇದೆ. ಅದರೊಳಗೆ ತೊಂಗ್‌ಮು ಅನ್ನುವ ಹಳ್ಳಿ. ಈ ಚಹಾದ ತವರು ಅದು. ಅಲ್ಲಿ ಇದನ್ನು ‘ಜೆಂಗ್‌ಶಾನ್ ಶಿಯಾವ್‌ಜೊಂಗ್’ ಅಂತ ಕರೆಯುತ್ತಾರೆ. ‘ಜೆಂಗ್‌ಶಾನ್’ ಅಂದರೆ ಅಸಲಿ ಬೆಟ್ಟ, ‘ಶಿಯಾವ್‌ಜೊಂಗ್’ ಅಂದರೆ ಸಣ್ಣ ತಳಿ. ಈ ‘ಶಿಯಾವ್‌ಜೊಂಗ್’ ಯುರೋಪಿನ ವ್ಯಾಪಾರಿಗಳ ಬಾಯಲ್ಲಿ ‘ಸೂಚಾಂಗ್’ ಆಯಿತು. ವುಯಿ ಅನ್ನುವ ಹೆಸರೂ ಹಾಗೇ ತಿರುಚಿಕೊಂಡು ‘ಬೊಹಿ’ ಆಯಿತು. 1773ರಲ್ಲಿ ಅಮೆರಿಕದ ಬೋಸ್ಟನ್ ಬಂದರಿನಲ್ಲಿ ಜನ ಸಿಟ್ಟಿನಿಂದ ಸಮುದ್ರಕ್ಕೆ ಎಸೆದ ಚಹಾ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಈ ಬೊಹಿಯವೇ.

ಹೊಗೆ ಸೇರಿದ್ದು ಹೇಗೆ ಅನ್ನುವುದಕ್ಕೆ ಒಂದು ಕತೆ ಇದೆ. 17ನೇ ಶತಮಾನದಲ್ಲಿ ಸೈನಿಕರ ದಂಡೊಂದು ಕೊಯ್ಲಿನ ಹೊತ್ತಿಗೆ ಹಳ್ಳಿಗೆ ಬಂದು ಬೀಡುಬಿಟ್ಟಿತಂತೆ. ಕೊಯ್ದ ಎಲೆ ಹಾಗೇ ಉಳಿದು ಕಪ್ಪಾಯಿತು. ದಂಡು ಹೋದಮೇಲೆ ನಷ್ಟ ತಪ್ಪಿಸಲು ಹಳ್ಳಿಯವರು ಪೈನ್ ಕಟ್ಟಿಗೆಯ ಬೆಂಕಿಯಲ್ಲಿ ಅದನ್ನು ಆತುರಾತುರವಾಗಿ ಒಣಗಿಸಿ ಮಾರಿದರು. ಕೊಂಡವರು ಮರುವರ್ಷ ಅದೇ ಬೇಕು ಅಂತ ಬಂದರು. ಕತೆ ಚೆನ್ನಾಗಿದೆ. ಆದರೆ ನನಗೆ ಇದಕ್ಕಿಂತ ಸಾದಾ ಕಾರಣವೇ ಹೆಚ್ಚು ಹಿಡಿಸುತ್ತದೆ. ಅದು ಎತ್ತರದ, ತಂಪಿನ, ಮಂಜಿನ ಜಾಗ. ವಸಂತದ ಕೊಯ್ಲಿನ ಕಾಲದಲ್ಲೇ ಮಳೆ. ಎಲೆ ಬಾಡಿಸಲು ಬಿಸಿಲು ಎಲ್ಲಿಂದ ತರುವುದು? ಸುತ್ತ ಇರುವುದು ಪೈನ್ ಕಾಡು. ಕೈಗೆ ಸಿಗುವ ಕಟ್ಟಿಗೆ ಅದೇ. ಬೆಂಕಿ ಹಾಕಿದರು, ಹೊಗೆ ತಾನಾಗಿ ಹತ್ತಿತು. ಅಡುಗೆಗೆ ಮಸಾಲೆ ಹಾಕುವ ಹಾಗೆ ಯಾರೋ ಯೋಚಿಸಿ ಸೇರಿಸಿದ ಪರಿಮಳ ಅಲ್ಲ ಇದು.

ಆ ಬೆಂಕಿಗಾಗಿಯೇ ಅಲ್ಲಿ ‘ಚಿಂಗ್‌ಲೌ’ ಅಂತ ಮರದ ಕಟ್ಟಡ ಇರುತ್ತದೆ. ಮೂರ್ನಾಲ್ಕು ಮಹಡಿ. ಕೆಳಗೆ ಪೈನ್ ಕಟ್ಟಿಗೆ ಉರಿಯುತ್ತದೆ. ಮಹಡಿಗಳ ನೆಲ ಪೂರ್ತಿ ಹಲಗೆ ಅಲ್ಲ, ಸಂದು ಬಿಟ್ಟು ಜೋಡಿಸಿದ ಪಟ್ಟಿಗಳು. ಅದರ ಮೇಲೆ ಬಿದಿರಿನ ಚಾಪೆ, ಚಾಪೆಯ ಮೇಲೆ ಹಸಿ ಎಲೆ. ಬಿಸಿಯೂ ಹೊಗೆಯೂ ಸಂದಿನಿಂದ ಮೇಲೇರಿ ಎಲೆಯನ್ನು ಬಾಡಿಸುತ್ತವೆ. ಬಾಡಿದ ಎಲೆಯನ್ನು ಕೆಳಗಿಳಿಸಿ ಉಜ್ಜಿ ಸುರುಳಿ ಮಾಡುತ್ತಾರೆ. ಆಮೇಲೆ ರಾಶಿ ಹಾಕಿ ಬಿಡುತ್ತಾರೆ. ಹೆಚ್ಚಿಟ್ಟ ಸೇಬು ಕಂದುವ ಹಾಗೆ ಎಲೆ ಗಾಳಿಗೆ ಕಂದಿ ಕಪ್ಪಾಗುತ್ತದೆ. ಕೊನೆಗೆ ಬಿದಿರಿನ ಜರಡಿಗಳಲ್ಲಿ ಹರಡಿ ಮತ್ತೆ ಅದೇ ಹೊಗೆಯಲ್ಲಿ ಒಣಗಿಸುತ್ತಾರೆ. ಹೊಗೆ ಚೆನ್ನಾಗಿ ಹಿಡಿಯುವುದು ಈಗಲೇ. ಉಜ್ಜಿದ ಎಲೆ ಇನ್ನೂ ತೇವ, ಅಂಟು ಅಂಟು. ಒಣ ಎಲೆಗಿಂತ ಒದ್ದೆ ಎಲೆ ಹೊಗೆಯನ್ನು ಜಾಸ್ತಿ ಎಳೆದುಕೊಳ್ಳುತ್ತದೆ.

ಈಗ ನಿಮ್ಮ ‘ಔಷಧಿ ಘಾಟಿ’ಗೆ ಬರೋಣ. ನಿಮ್ಮ ಮೂಗು ತಪ್ಪು ಹೇಳಿಲ್ಲ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ವಸ್ತು ಬಿಸಿಗೆ ಒಡೆದಾಗ ಗ್ವಾಯಕಾಲ್, ಕ್ರೆಸಾಲ್ ಥರದ ಫೀನಾಲ್‌ಗಳು ಹುಟ್ಟುತ್ತವೆ. ಹೊಗೆ ವಾಸನೆ ಅಂತ ನಾವು ಕರೆಯುವುದು ಹೆಚ್ಚಾಗಿ ಇವನ್ನೇ. ಕೆಮ್ಮಿನ ಸಿರಪ್ಪಿನಲ್ಲಿ ಹಾಕುವ ಗ್ವೈಫೆನೆಸಿನ್ ಈ ಗ್ವಾಯಕಾಲ್‌ನಿಂದಲೇ ತಯಾರಾಗುವುದು. ಕ್ರೆಸಾಲ್ ಆಸ್ಪತ್ರೆಯ ನೆಲ ಒರೆಸುವ ದ್ರಾವಣಗಳಲ್ಲಿ ಇದ್ದದ್ದೇ. ಹಾಗಾಗಿ ಔಷಧಿಯ ನೆನಪು ಬರುವುದು ಸಹಜ. ಅದೇ ಗ್ವಾಯಕಾಲ್ ಹುರಿದ ಕಾಫಿಯ ಪರಿಮಳದಲ್ಲೂ ಇದೆ, ಅಲ್ಲಿ ನಾವು ಅದನ್ನು ಹೊಗಳುತ್ತೇವೆ! ಪೈನ್ ಮರದಲ್ಲಿ ರಾಳ ಜಾಸ್ತಿ. ಅದರಿಂದ ಲಾಂಗಿಫೋಲೀನ್, ಆಲ್ಫಾ ಟರ್ಪಿನಿಯಾಲ್ ಅನ್ನುವ ಪರಿಮಳದ ವಸ್ತುಗಳೂ ಎಲೆಗೆ ಸೇರುತ್ತವೆ. ಈ ಚಹಾ ಬರೀ ಸುಟ್ಟ ವಾಸನೆ ಹೊಡೆಯದೆ, ಅದರಲ್ಲಿ ಹಸಿ ಮರ ಸೀಳಿದ ಹಾಗೆ ಒಂದು ತಂಪು ವಾಸನೆ ಇರುವುದು ಇವುಗಳಿಂದ.

ಒಂದು ಸಣ್ಣ ಪರೀಕ್ಷೆ ಮಾಡಿ. ಮೂಗನ್ನು ಬೆರಳಿನಿಂದ ಗಟ್ಟಿಯಾಗಿ ಹಿಡಿದುಕೊಂಡು ಒಂದು ಗುಟುಕು ಕುಡಿಯಿರಿ. ಹೊಗೆ ಇರುವುದೇ ಇಲ್ಲ. ಸ್ವಲ್ಪ ಕಹಿ, ಸ್ವಲ್ಪ ಒಗರು, ತುಸು ಸಿಹಿ, ಬಿಸಿ, ಅಷ್ಟೇ. ನುಂಗಿ ಮೂಗು ಬಿಡಿ. ಗಂಟಲ ಹಿಂದಿನಿಂದ ಹೊಗೆ ದಡಕ್ಕನೆ ನುಗ್ಗುತ್ತದೆ. ಅಂದರೆ ಹೊಗೆ ನಾಲಿಗೆಯ ರುಚಿ ಅಲ್ಲವೇ ಅಲ್ಲ, ಬಾಯಿಯ ಹಿಂಬಾಗಿಲಿನಿಂದ ಮೂಗಿಗೆ ಏರುವ ವಾಸನೆ. ಇದು ಗೊತ್ತಿದ್ದರೆ ಎರಡು ಲಾಭ. ಒಂದು, ಚಹಾ ನಿಜವಾಗಿ ಕಹಿಯಾಗಿದೆಯಾ, ಇಲ್ಲಾ ಹೊಗೆ ಕಹಿಯ ಭ್ರಮೆ ಕೊಡುತ್ತಿದೆಯಾ ಅಂತ ಬೇರೆ ಮಾಡಿ ನೋಡಬಹುದು. ಇನ್ನೊಂದು ಹೆಚ್ಚು ಮುಖ್ಯ. ವಾಸನೆಗೆ ಮೂಗು ಬೇಗ ಒಗ್ಗಿಬಿಡುತ್ತದೆ. ಹೊಸ ಬಣ್ಣ ಬಳಿದ ಕೋಣೆಗೆ ಹೋದ ಹತ್ತು ನಿಮಿಷಕ್ಕೆ ಬಣ್ಣದ ವಾಸನೆ ಮರೆತುಹೋಗುತ್ತದಲ್ಲ, ಹಾಗೆ. ಮೊದಲ ಗುಟುಕಿನಲ್ಲಿ ಎಲ್ಲವನ್ನೂ ಮುಚ್ಚಿದ್ದ ಹೊಗೆ ನಾಲ್ಕನೆಯದರ ಹೊತ್ತಿಗೆ ತೆಳ್ಳಗಾಗುತ್ತದೆ. ಅಲ್ಲಿಯವರೆಗೆ ಅದರ ಅಡಿಯಲ್ಲಿದ್ದದ್ದು ಆಗ ಕಾಣುತ್ತದೆ.

ಅದಕ್ಕೇ ನನ್ನ ಮಾತು ಇಷ್ಟೇ: ಈ ಚಹಾವನ್ನು ಮೊದಲ ಗುಟುಕಿನಲ್ಲಿ ಅಳೆಯಬೇಡಿ, ಹೊಗೆ ಸರಿದ ಮೇಲೆ ಏನು ಉಳಿಯಿತು ಅಂತ ನೋಡಿ.

ಈಗ ಒಂದು ಕಪ್ಪನ್ನು ಜೊತೆಯಲ್ಲೇ ಕುಡಿಯೋಣ. ಖಾಲಿ ಕಪ್ಪಿಗೆ ಬಿಸಿನೀರು ಹಾಕಿ ಅಲ್ಲಾಡಿಸಿ ಚೆಲ್ಲಿ. ಆ ಬೆಚ್ಚಗಿನ ಕಪ್ಪಿಗೆ ಎರಡು ಗ್ರಾಂ ಎಲೆ ಹಾಕಿ, ಒಂದು ತಟ್ಟೆ ಮುಚ್ಚಿ ಅರ್ಧ ನಿಮಿಷ ಬಿಡಿ. ತೂಕದ ಯಂತ್ರ ಇಲ್ಲದಿದ್ದರೆ ಒಂದು ಸಣ್ಣ ಚಮಚ ತುಂಬ ಸಾಕು. ಈಗ ತಟ್ಟೆ ಸರಿಸಿ ಮೂಸಿ. ಡಬ್ಬಿಯಲ್ಲಿದ್ದ ಟಾರು ವಾಸನೆ ಇಲ್ಲಿ ಮೆತ್ತಗಾಗಿರುತ್ತದೆ. ಇದ್ದಿಲು, ಮರ, ಅದರ ಹಿಂದೆ ಎಲ್ಲೋ ಒಣದ್ರಾಕ್ಷಿ. ಒಂದು ಸಲ ಮೂಸಿ ಮುಖ ಆಚೆ ತಿರುಗಿಸಿ, ಬೇರೆ ಗಾಳಿ ಎಳೆದುಕೊಂಡು ಮತ್ತೆ ಮೂಸಿ. ಮೂಗು ಒಳಗಿಟ್ಟುಕೊಂಡೇ ಕೂತರೆ ಏನೂ ಸಿಗುವುದಿಲ್ಲ.

ಕುದಿದು ಇಳಿಸಿದ ನೀರನ್ನು ಒಂದೆರಡು ನಿಮಿಷ ಬಿಟ್ಟು, 90ರಿಂದ 95 ಡಿಗ್ರಿ ಇರುವಾಗ 150 ಮಿಲಿಲೀಟರ್ ಹಾಕಿ. ಎರಡು ನಿಮಿಷಕ್ಕೆ ಸೋಸಿಬಿಡಿ. ಹೆಚ್ಚೆಂದರೆ ಎರಡೂವರೆ. ಎಲೆ ನೀರಲ್ಲೇ ಬಿದ್ದಿರಲು ಬಿಡಬೇಡಿ. ಬಣ್ಣ ಕಪ್ಪಲ್ಲ, ತಾಮ್ರದ ಕೆಂಪು. ಒಳ್ಳೆಯ ಎಲೆ ಆಗಿದ್ದರೆ ಬಿಳಿ ಕಪ್ಪಿನ ಅಂಚಿನಲ್ಲಿ ಹೊಂಬಣ್ಣದ ಉಂಗುರ ಕಾಣುತ್ತದೆ. ಚೀನಾದಲ್ಲಿ ಇಂಥ ಚಹಾವನ್ನು ಕರೆಯುವುದೇ ‘ಹೊಂಗ್ ಚಾ’, ಕೆಂಪು ಚಹಾ ಅಂತ. ನಾವು ಒಣ ಎಲೆ ನೋಡಿ ಕಪ್ಪು ಅಂದೆವು, ಅವರು ಡಿಕಾಕ್ಷನ್ ನೋಡಿ ಕೆಂಪು ಅಂದರು.

ಮೊದಲ ಗುಟುಕು ಸಣ್ಣದಾಗಿರಲಿ. ಸೊರ್ ಅಂತ ಸದ್ದು ಮಾಡಿ ಗಾಳಿ ಸಮೇತ ಎಳೆಯಿರಿ. ಪಕ್ಕದಲ್ಲಿ ಯಾರಿದ್ದರೂ ನಾಚಬೇಡಿ, ಚಹಾ ರುಚಿ ನೋಡುವುದನ್ನೇ ಉದ್ಯೋಗ ಮಾಡಿಕೊಂಡವರೆಲ್ಲ ಹೀಗೇ ಕುಡಿಯುವುದು. ಚಹಾ ಹನಿಹನಿಯಾಗಿ ಬಾಯಿತುಂಬ ಚಿಮ್ಮಿದರೆ ವಾಸನೆ ಮೂಗಿಗೆ ಚೆನ್ನಾಗಿ ಏರುತ್ತದೆ. ಈ ಗುಟುಕಿನಲ್ಲಿ ಹೊಗೆಯದೇ ದರ್ಬಾರು. ಇರಲಿ. ಎರಡನೆಯದರಲ್ಲಿ ಗಮನ ನಾಲಿಗೆಯ ಮೇಲಿಡಿ, ಮೂಗಿನ ಮೇಲೆ ಬೇಡ. ಎಷ್ಟು ನಯ ಇದೆ? ಒಗರು ನಾಲಿಗೆಯನ್ನು ಎಳೆದು ಹಿಡಿಯುತ್ತದಾ, ಸವರಿ ಹೋಗುತ್ತದಾ? ಒಗರು ಅನ್ನುವುದೂ ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಚಹಾದ ಪಾಲಿಫೀನಾಲ್‌ಗಳು ಜೊಲ್ಲಿನ ಪ್ರೊಟೀನಿಗೆ ಅಂಟಿಕೊಂಡು ಬಾಯಿಯ ಜಾರು ಕಡಿಮೆ ಮಾಡುತ್ತವೆ, ಅದೇ ಒಣಗಿದ ಹಾಗೆ ಅನ್ನಿಸುತ್ತದೆ. ಒಳ್ಳೆಯ ತೊಂಗ್‌ಮು ಚಹಾದಲ್ಲಿ ಒಗರು ಕಡಿಮೆ.

ಇನ್ನು ಐದು ನಿಮಿಷ ಸುಮ್ನಿರಿ. ನಿಜವಾಗಿ ಏನೂ ಮಾಡಬೇಡಿ. ಕಪ್ಪು ಕೈಯಲ್ಲಿ ಆರಾಮಾಗಿ ಹಿಡಿಯುವಷ್ಟು ಆರಿದಾಗ ಮೂರನೆಯ ಗುಟುಕು. ಇದು ನನಗೆ ಅತ್ಯಂತ ಇಷ್ಟದ ಘಟ್ಟ. ಬಿಸಿ ಇಳಿದಾಗ ನಾಲಿಗೆಗೆ ಸುಡುವ ಚಿಂತೆ ಇಲ್ಲ, ಆವಿಯಲ್ಲಿ ಹೊಗೆಯೂ ಅಷ್ಟು ಹಾರುವುದಿಲ್ಲ. ಚೀನಾದ ರಸಿಕರು ಈ ಚಹಾಕ್ಕೆ ಕೊಡುವ ಹಳೆಯ ವರ್ಣನೆ ಎರಡೇ: ಪೈನ್ ಹೊಗೆಯ ಪರಿಮಳ, ಲಾಂಗನ್ ಹಣ್ಣಿನ ಸಾರಿನ ರುಚಿ. ಲಾಂಗನ್ ಅಂದರೆ ಲಿಚಿಯ ಹತ್ತಿರದ ನೆಂಟ. ಒಣಗಿಸಿದರೆ ಕಂದಾಗಿ, ಖರ್ಜೂರಕ್ಕೂ ಜೇನಿಗೂ ನಡುವಿನ ಒಂದು ಸಿಹಿ ಬರುತ್ತದೆ. ಲಾಂಗನ್ ತಿಂದಿಲ್ಲದಿದ್ದರೆ ಖರ್ಜೂರ ನೆನೆಸಿದ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿ. ಸಕ್ಕರೆಯ ಸಿಹಿ ಅಲ್ಲ ಅದು. ನುಂಗಿದ ಮೇಲೆ ಗಂಟಲ ಬುಡದಿಂದ ನಿಧಾನಕ್ಕೆ ತಿರುಗಿ ಬರುವ ಸಿಹಿ.

ಕುಡಿದು ಮುಗಿಸಿದ ಕಪ್ಪನ್ನು ತೊಳೆಯಬೇಡಿ. ಪೂರ್ತಿ ತಣ್ಣಗಾದ ಮೇಲೆ ಖಾಲಿ ಕಪ್ಪನ್ನು ಮೂಸಿ. ಅಲ್ಲಿ ಜೇನಿನಂಥ, ಮರದಂಥ ವಾಸನೆ ಉಳಿದಿದ್ದರೆ ನಿಮ್ಮ ಗೆಳತಿ ಒಳ್ಳೆಯ ಮಾಲು ತಂದಿದ್ದಾಳೆ. ಬೂದಿ ತಟ್ಟೆಯ ವಾಸನೆ ಮಾತ್ರ ಇದ್ದರೆ, ಹೊಗೆ ಬಡ ಎಲೆಯೊಂದನ್ನು ಮುಚ್ಚುತ್ತಿತ್ತು ಅಂತ ಅರ್ಥ.

ಅದೇ ಎಲೆಗೆ ಮತ್ತೆ ನೀರು ಹಾಕಿ, ಈ ಸಲ ಮೂರು ನಿಮಿಷ. ಎರಡನೆಯ ಸಲದ ಡಿಕಾಕ್ಷನ್ನೇ ಎಷ್ಟೋ ಸಲ ಮೊದಲಿನದಕ್ಕಿಂತ ಚೆನ್ನಾಗಿರುತ್ತದೆ. ಹೊಗೆಯ ಅಬ್ಬರ ಮೊದಲ ನೀರಿನಲ್ಲೇ ಹೋಗಿರುತ್ತದೆ. ಹೊಗೆಯನ್ನು ನೈಜವಾಗಿ ಹಿಡಿಸದೆ, ಹೊಗೆಯ ಎಸೆನ್ಸ್ ಸಿಂಪಡಿಸಿದ ಅಗ್ಗದ ಚಹಾಗಳೂ ಮಾರುಕಟ್ಟೆಯಲ್ಲಿವೆ. ನನ್ನ ಅನುಭವದಲ್ಲಿ ಅವು ಸಿಕ್ಕಿಬೀಳುವುದು ಇದೇ ಎರಡನೆಯ ನೀರಿನಲ್ಲಿ. ಹೊಗೆ ಪೂರ್ತಿ ಮಾಯ, ಹಿಂದೆ ಉಳಿದದ್ದು ಸಪ್ಪೆ ನೀರು. ಅಸಲಿಯಲ್ಲಿ ಹೊಗೆ ಸಣ್ಣಗಾದರೂ ಚಹಾದ ಜೊತೆಗೇ ಇಳಿಯುತ್ತದೆ.

ಸಣ್ಣ ಬಟ್ಟಲಿನಲ್ಲಿ ಎಲೆ ಜಾಸ್ತಿ ಹಾಕಿ, ಮತ್ತೆ ಮತ್ತೆ ನೀರು ಹಾಕಿ ಸೋಸುವ ಚೀನಾದ ‘ಗೊಂಗ್‌ಫು’ ರೀತಿಯಲ್ಲೂ ಕುಡಿಯಬಹುದು. ಗೈವಾನ್ ಅನ್ನುವ ಮುಚ್ಚಳದ ಬಟ್ಟಲಿಗೆ 100 ಮಿಲಿಲೀಟರ್ ನೀರಿಗೆ ನಾಲ್ಕೈದು ಗ್ರಾಂ ಎಲೆ, ಒಂದೊಂದು ಸಲ ಹತ್ತು ಹದಿನೈದು ಸೆಕೆಂಡು ಮಾತ್ರ. ಆರೇಳು ಸುತ್ತು ಬರುತ್ತದೆ. ಹೊಗೆ ಸುತ್ತಿನಿಂದ ಸುತ್ತಿಗೆ ಇಳಿಯುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಮೊದಲ ದಿನವೇ ಇದು ಬೇಡ, ತಾಳ್ಮೆ ಬೇಕು. ಹಾಗೇ ಒಂದು ಮಾತು: ಚಹಾ ಪರೀಕ್ಷೆಗೆ ಐಎಸ್ಒ 3103 ಅಂತ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಲೆಕ್ಕ 100 ಮಿಲಿಲೀಟರ್ ಕುದಿನೀರಿಗೆ ಎರಡು ಗ್ರಾಂ, ಆರು ನಿಮಿಷ. ಚಹಾದ ತಪ್ಪುಗಳೆಲ್ಲ ಎದ್ದು ಕಾಣಲಿ ಅಂತ ಮಾಡಿದ್ದು ಅದು, ಖುಷಿಗಾಗಿ ಕುಡಿಯುವವರಿಗಲ್ಲ. ನೀವು ಗೊತ್ತಿಲ್ಲದೆಯೇ ಅದಕ್ಕಿಂತ ಕಠಿಣವಾದ ಪರೀಕ್ಷೆ ಮಾಡಿಬಿಟ್ಟಿದ್ದೀರಿ.

ಹಾಲಿನ ವಿಷಯ. ಹಾಲಿನ ಪ್ರೊಟೀನು ಒಗರನ್ನು ಕಟ್ಟಿಹಾಕುತ್ತದೆ ನಿಜ. ಆದರೆ ಈ ಚಹಾದಲ್ಲಿ ಒಗರು ಮೊದಲೇ ಕಡಿಮೆ, ಹಾಗಾಗಿ ಲಾಭ ಇಲ್ಲ. ತೆಳ್ಳಗಿನ ಹಣ್ಣಿನ ವಾಸನೆ ಹಾಲಿನಲ್ಲಿ ಮುಳುಗಿ, ಹೊಗೆಯೊಂದೇ ಮೇಲೆ ತೇಲುತ್ತದೆ. ಹಾಲು ಒಡೆಯದಿದ್ದರೂ ಅಡಿ ಹತ್ತಿದ ಹಾಲಿನ ಹಾಗೆ ಅನ್ನಿಸುವುದು ಇದಕ್ಕೇ. ಬೇಡ ಬಿಡಿ.

ಹೊಗೆ ಎಷ್ಟಿರಬೇಕು ಅನ್ನುವುದರಲ್ಲೂ ಒಮ್ಮತ ಇಲ್ಲ. ಯುರೋಪಿನ ಮಾರುಕಟ್ಟೆಗೆ ಗಾಢ ಹೊಗೆಯ ಮಾಲು ಹೋಗುತ್ತಿತ್ತು, ಅದಕ್ಕೆ ‘ಟಾರಿ ಸೂಚಾಂಗ್’ ಅಂತಲೇ ಹೆಸರಿತ್ತು. ತೊಂಗ್‌ಮುವಿನಲ್ಲಿ ಈಗ ಹೊಗೆ ಇಲ್ಲದ ಅಥವಾ ತೀರಾ ಸ್ವಲ್ಪ ಇರುವ ಚಹಾವನ್ನೂ ಮಾಡುತ್ತಾರೆ. 2005ರಲ್ಲಿ ಅಲ್ಲೇ ಹುಟ್ಟಿದ, ಬರೀ ಮೊಗ್ಗಿನಿಂದ ಮಾಡುವ ‘ಜಿನ್ ಜುನ್ ಮೇ’ಗೆ ಹೊಗೆ ತಾಗಿಸುವುದೇ ಇಲ್ಲ, ಅದಕ್ಕೆ ಬೆಲೆಯೂ ಜಾಸ್ತಿ. ‘ರಷ್ಯನ್ ಕ್ಯಾರವಾನ್’ ಅಂತ ಇನ್ನೊಂದು ಹೊಗೆಯ ಚಹಾ ಸಿಗುತ್ತದೆ. ರಷ್ಯಾ ಮತ್ತು ಚೀನಾ ನಡುವಿನ 1727ರ ಕ್ಯಾಖ್ತಾ ಒಪ್ಪಂದದ ನಂತರ ಒಂಟೆಗಳ ಮೇಲೆ ರಷ್ಯಾಕ್ಕೆ ಹೋಗುತ್ತಿದ್ದ ಚಹಾಕ್ಕೆ ದಾರಿಯ ಬೀಡುಗಳ ಬೆಂಕಿಯ ಹೊಗೆ ಹತ್ತುತ್ತಿತ್ತು ಅನ್ನುವುದು ಅದರ ಕತೆ. ಇವತ್ತಿನ ಪೊಟ್ಟಣದಲ್ಲಿ ಹೊಗೆ ಬರುವುದು ಸಾಮಾನ್ಯವಾಗಿ ಲ್ಯಾಪ್ಸಾಂಗ್ ಬೆರೆಸಿದ್ದರಿಂದ, ಒಂಟೆಯ ಪಾತ್ರ ಏನೂ ಇಲ್ಲ. ಹೊಗೆ ಗಾಬರಿ ಹುಟ್ಟಿಸಿದರೆ ಇಂಥ ಮಿಶ್ರಣದಿಂದ ಶುರು ಮಾಡುವುದು ಸುಲಭ.

ಆರೋಗ್ಯದ ಬಗ್ಗೆ ಕೇಳಿದಿರಿ. ಸರಿಯಾದ ಪ್ರಶ್ನೆ. ಕಟ್ಟಿಗೆ ಹೊಗೆಯಲ್ಲಿ ಪಿಎಎಚ್ ಅಂತ ಕರೆಯುವ, ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳಿರುತ್ತವೆ. ಹೊಗೆ ಹಿಡಿದ ಎಲೆಯಲ್ಲಿ ಅವು ಬೇರೆ ಚಹಾಕ್ಕಿಂತ ಜಾಸ್ತಿ. ಆದರೆ ಅವು ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಹೆಚ್ಚಿನ ಪಾಲು ಸೋಸಿ ಎಸೆಯುವ ಎಲೆಯಲ್ಲೇ ಉಳಿಯುತ್ತದೆ. ಆಂಥ್ರಾಕ್ವಿನೋನ್ ಅನ್ನುವ ಇನ್ನೊಂದು ವಸ್ತುವೂ ಹೊಗೆಯಿಂದ ಬರುತ್ತದೆ. ಯುರೋಪಿಯನ್ ಒಕ್ಕೂಟ ಚಹಾದಲ್ಲಿ ಅದಕ್ಕೆ ಕಿಲೋಗೆ 0.02 ಮಿಲಿಗ್ರಾಂ ಮಿತಿ ಹಾಕಿದೆ. ಹೊಗೆಯ ಚಹಾಕ್ಕೆ ಅದರೊಳಗೆ ಬರುವುದು ಕಷ್ಟ. ನನ್ನ ಲೆಕ್ಕ ಇದು: ವಾರಕ್ಕೆ ಒಂದೆರಡು ಸಲ ಇಷ್ಟಪಟ್ಟು ಕುಡಿಯುವುದಕ್ಕೆ ನಾನು ಹೆದರುವುದಿಲ್ಲ, ದಿನಕ್ಕೆ ಐದು ಕಪ್ಪಿನ ಚಹಾ ಇದಾಗಬಾರದು. ಈ ಎಲೆಯನ್ನು ಪುಡಿ ಮಾಡಿ ಅಡುಗೆಗೆ ಹಾಕುವುದಂತೂ ನಾನು ಮಾಡುವುದಿಲ್ಲ, ಆಗ ಎಲೆಯೇ ಹೊಟ್ಟೆಗೆ ಹೋಗುತ್ತದಲ್ಲ. ಗರ್ಭಿಣಿಯರು, ಬೇರೆ ತೊಂದರೆ ಇರುವವರು ವೈದ್ಯರನ್ನು ಕೇಳಲಿ. ಇನ್ನೊಂದು, 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳಕ್ಕೆ ಒಳ್ಳೆಯದಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಎಚ್ಚರಿಸಿತ್ತು. ಆರಿಸಿ ಕುಡಿಯಿರಿ ಅನ್ನುವ ನನ್ನ ಸಲಹೆಗೆ ಇದೂ ಒಂದು ಬೆಂಬಲ.

ಕೊನೆಗೆ ಡಬ್ಬಿಯ ಬಗ್ಗೆ. ನಾನೊಮ್ಮೆ ಹೊಗೆಯ ಚಹಾವನ್ನು ಕಾಗದದ ಪೊಟ್ಟಣದಲ್ಲೇ ಕಪಾಟಿನಲ್ಲಿಟ್ಟೆ. ಪಕ್ಕದಲ್ಲಿ ಬೆಲೆ ಬಾಳುವ ಬಿಳಿ ಚಹಾ ಇತ್ತು. ಎರಡು ವಾರ ಬಿಟ್ಟು ತೆಗೆದರೆ ಬಿಳಿ ಚಹಾವೂ ಹೊಗೆ, ಏಲಕ್ಕಿಯೂ ಹೊಗೆ, ಬಿಸ್ಕತ್ತೂ ಹೊಗೆ. ಬಿಳಿ ಚಹಾವನ್ನು ಮೂರು ದಿನ ಗಾಳಿಗೆ ಹರಡಿಟ್ಟೆ, ವಾಸನೆ ಹೋಗಲಿಲ್ಲ. ಬಿಗಿ ಮುಚ್ಚಳದ ತಗಡಿನ ಡಬ್ಬಿ, ಅದೂ ಬೇರೆ ಚಹಾಗಳಿಂದ ದೂರ ಇಡಿ. ಎಲೆ ತೆಗೆಯುವ ಚಮಚವೂ ಬೇರೆ ಇರಲಿ. ಹೀಗೆ ಇಟ್ಟರೆ ಒಂದೆರಡು ವರ್ಷ ಏನೂ ಆಗುವುದಿಲ್ಲ, ಹೊಗೆಯ ಘಾಟು ಇಳಿದು ಮೆತ್ತಗಾಗುತ್ತದೆ. ಹಾಗಾಗಿ ಈಗ ಇಷ್ಟವಾಗದಿದ್ದರೂ ಎಸೆಯಬೇಡಿ, ಮುಚ್ಚಿಟ್ಟು ಆರು ತಿಂಗಳು ಬಿಟ್ಟು ಒಂದು ಸಣ್ಣ ಚಮಚ ಹಾಕಿ ನೋಡಿ.